ಎಡ ಹಿಮ್ಮಡಿ ನುಂಗಿದ ಪೆಟ್ಟು

ಕಾಯಿಲೆಯಿಂದ ಎದ್ದವರು ಬರೆದದ್ದನ್ನು ನಾನು ಹಾಸಿಗೆಯಲ್ಲಿ ಮಲಗಿ ಸಾಕಷ್ಟು ಓದಿದ್ದೇನೆ. ಎಲ್ಲರೂ ಕೊನೆಗೆ ಯಾರನ್ನಾದರೂ ಕ್ಷಮಿಸುತ್ತಾರೆ. ಕೆಲವರಂತೂ ರೋಗಕ್ಕೇ ಕೈ ಮುಗಿಯುತ್ತಾರೆ. ಅಂಥ ಪುಟ ಬಂದಾಗಲೆಲ್ಲ ನಾನು ಪುಸ್ತಕ ಮುಚ್ಚಿ ಗೋಡೆ ನೋಡುತ್ತಿದ್ದೆ. ನನ್ನೊಳಗೆ ಕ್ಷಮೆಯ ಸುಳಿವೂ ಇರಲಿಲ್ಲ; ಎಲ್ಲರಿಗೂ ಆಗುವುದು ನನಗೊಬ್ಬಳಿಗೆ ಆಗುವುದಿಲ್ಲವಲ್ಲ ಎಂದು ಇನ್ನಷ್ಟು ಸಿಟ್ಟು ಬರುತ್ತಿತ್ತು. ಈ ಬರಹ ಹಾಗೆ ಮಲಗಿರುವವರಿಗೆ. ಹಲ್ಲು ಕಚ್ಚಿ, ಯಾರದೋ ಮುಖ ನೆನೆದುಕೊಂಡು ಕಾಲೆತ್ತುವ ವ್ಯಾಯಾಮ ಮಾಡುತ್ತಿರುವವರು ನೀವೊಬ್ಬರೇ ಅಲ್ಲ. ನಾನು ವಾಸಿಯಾದದ್ದೂ ಹಾಗೆಯೇ.

ನನ್ನ ಹೆಸರು ನಿಶ್ಮಿತಾ. ಮನೆ ಬೋಳಾರದಲ್ಲಿ. ಅಪ್ಪ ಮಸ್ಕತ್‌ನಲ್ಲಿ ಎಸಿ ರಿಪೇರಿ ಮಾಡುತ್ತಾರೆ, ಅಮ್ಮ ಮನೆಯಲ್ಲಿ ಬ್ಲೌಸ್ ಹೊಲಿಯುತ್ತಾಳೆ. ಡಿಗ್ರಿ ಮುಗಿದ ಮೇಲೆ ನಾನು ಎರಡು ವರ್ಷ ಪ್ರವಾಸಿಗರ ಹಡಗಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೆ. ಹಡಗಿನ ನೃತ್ಯ ತಂಡದಲ್ಲಿ ಓರ್ಲಾ ಎಂಬ ಐರ್ಲೆಂಡಿನ ಹುಡುಗಿ ಇದ್ದಳು. ಬಿಡುವಿನಲ್ಲಿ ಇಸ್ತ್ರಿ ಕೋಣೆಯ ಕಬ್ಬಿಣದ ನೆಲದ ಮೇಲೆ ಅವಳು ನನಗೆ ತನ್ನ ಊರಿನ ಕುಣಿತ ಕಲಿಸಿದಳು. ಅದರಲ್ಲಿ ಸೊಂಟದಿಂದ ಮೇಲೆ ಮೈ ಅಲುಗಬಾರದು, ಕೈಗಳು ಪಕ್ಕದಲ್ಲಿ ಸುಮ್ಮನೆ ಇರಬೇಕು. ಏನಿದ್ದರೂ ಪಾದದಲ್ಲಿ. ಶೂಗಳ ತುದಿಗೂ ಹಿಮ್ಮಡಿಗೂ ಗಟ್ಟಿ ತುಂಡು ಕೂರಿಸಿರುತ್ತಾರೆ; ನೆಲಕ್ಕೆ ಬಿದ್ದರೆ ಹುಲಿವೇಷದ ತಾಸೆಯ ಬಡಿತ ಕೇಳಿ ಬೆಳೆದ ನನ್ನಂಥವಳ ರೋಮ ನಿಮಿರುತ್ತದೆ. ನಾನು ಊರಿಗೆ ಹೊರಟಾಗ ಓರ್ಲಾ ತನ್ನ ಹಳೆಯ ಜೊತೆಯೊಂದನ್ನು ನನಗೆ ಕೊಟ್ಟಳು.

ಇನ್ನು ಪ್ರೀತಮ್. ಹೆಸರು ಬದಲಿಸಿದ್ದೇನೆ, ಅದೂ ಅಮ್ಮನ ಒತ್ತಾಯಕ್ಕೆ. ಅವನ ಅಪ್ಪನಿಗೆ ನಗರದಲ್ಲಿ ಹೋಟೆಲ್ ಇದೆ. ಹೋಟೆಲಿನ ಮೇಲಿನ ಮಹಡಿಯ ಹಾಲಿನಲ್ಲಿ ಅವನ ಹಿಪ್‌ಹಾಪ್ ತಂಡದ ಅಭ್ಯಾಸ. ನನಗಿಂತ ಆರು ವರ್ಷ ದೊಡ್ಡವನು, ಆದ್ದರಿಂದ ಎದುರಿಗೆ ಪ್ರೀತಮಣ್ಣ, ನೀವು, ತಾವು ಎಲ್ಲ ಉಂಟು. ಇಲ್ಲಿ ಏಕವಚನದಲ್ಲೇ ಬರೆಯುತ್ತೇನೆ. ಅಷ್ಟು ಸುಖ ನನಗಿರಲಿ.

ನಾನು ತಂಡ ಸೇರಿದ ಮೇಲೆ ಎರಡನ್ನೂ ಬೆರೆಸಿದೆವು. ಕೆಳಗೆ ಓರ್ಲಾಳ ಪಾದಗಳು, ಮೇಲೆ ಪ್ರೀತಮನ ತೋಳು ಮತ್ತು ಎದೆ. ಹೆಜ್ಜೆಯ ಭಾಗ ಪೂರ್ತಿ ನಾನೇ ಕಟ್ಟಿದೆ, ಐದು ಜನರಿಗೆ ನಾನೇ ಕಲಿಸಿದೆ. ಆದರೆ ಗಟ್ಟಿ ಶೂ ಇದ್ದದ್ದು ಒಂದೇ ಜೊತೆ, ಉಳಿದವರದ್ದು ಮಾಮೂಲಿ ಸ್ನೀಕರ್. ಅವರ ಪಾದದಿಂದ ಸದ್ದು ಬರುತ್ತಿರಲಿಲ್ಲ. ಹಾಗಾಗಿ ನನ್ನ ಹೆಜ್ಜೆಯ ಸದ್ದನ್ನು ಮೊದಲೇ ರೆಕಾರ್ಡ್ ಮಾಡಿ ಸಂಗೀತದೊಳಗೆ ಸೇರಿಸುವುದೆಂದಾಯಿತು. ದೊಡ್ಡ ದೊಡ್ಡ ತಂಡಗಳೂ ಹಾಗೆ ಮಾಡುತ್ತವೆ ಎಂದು ಓರ್ಲಾ ಹೇಳಿದ್ದಳು. ವೇದಿಕೆಯ ಮೇಲೆ ಆರು ಜನ ಕುಣಿಯುತ್ತಾರೆ, ಕೇಳಿಸುವುದು ನನ್ನ ಎರಡು ಕಾಲು.

ರೆಕಾರ್ಡಿಂಗಿಗೆ ಎರಡು ತಿಂಗಳು ಮೊದಲೇ ನನಗೆ ಎಡ ತೊಡೆಸಂದಿಯಲ್ಲಿ ನೋವು ಶುರುವಾಗಿತ್ತು. ಮೊದಮೊದಲು ಬೆಳಿಗ್ಗೆ ಎದ್ದಾಗ ಮಾತ್ರ. ಆಮೇಲೆ ಸ್ಕೂಟರ್ ಹತ್ತಲು ಕಾಲೆತ್ತಿದಾಗ. ಆಮೇಲೆ ಸುಮ್ಮನೆ ಕೂತಾಗಲೂ. ಪ್ರೀತಮನಿಗೆ ಹೇಳಿದೆ.

“ವಾರ್ಮಪ್ ಸರಿ ಮಾಡುದಿಲ್ಲ ನೀನು. ಮತ್ತೆಂತ ಆಗ್ತದೆ?” ಎಂದ.

ಎರಡನೆಯ ಸಲ ಹೇಳಿದಾಗ ಎಣ್ಣೆ ತಿಕ್ಕುವವರೊಬ್ಬರ ನಂಬರ್ ಕೊಟ್ಟ. ಮೂರನೆಯ ಸಲ ಎಲ್ಲರೂ ಇರುವಾಗ, “ಡ್ರಾಮಾ ಬೇಡ ಮಾರಾಯ್ತಿ, ನಮಗೆ ಯಾರಿಗೂ ಕಾಲಿಲ್ವಾ?” ಎಂದ. ಉಳಿದವರು ನಕ್ಕರು. ಸುಳ್ಳು ಹೇಳುವುದೇಕೆ, ನಾನೂ ನಕ್ಕೆ. ಆ ನಗು ನೆನೆದರೆ ಇವತ್ತಿಗೂ ನನ್ನ ಕೆನ್ನೆಗೆ ನಾನೇ ಎರಡು ಬಾರಿಸಿಕೊಳ್ಳುವ ಅನ್ನಿಸುತ್ತದೆ.

ರೆಕಾರ್ಡಿಂಗಿನ ದಿನ ಹಾಲಿನಲ್ಲಿ ಪ್ಲೈವುಡ್ ಹಲಗೆ ಹಾಸಿ ಕೆಳಗೆ ಮೈಕ್ ಇಟ್ಟಿದ್ದರು. ನಮ್ಮ ಐಟಮ್ಮಿನ ಕೊನೆಯ ಭಾಗದಲ್ಲಿ ಸಂಗೀತ ನಿಲ್ಲುತ್ತದೆ, ಸುಮಾರು ಒಂದು ನಿಮಿಷ ಬರೀ ಹೆಜ್ಜೆಯ ಸದ್ದು. ಒಂದೇ ಸಾಲು, ನಾಲ್ಕು ಸಲ. ಪ್ರತಿ ಸಾಲಿನ ಕೊನೆಗೆ ಎಡ ಹಿಮ್ಮಡಿಯನ್ನು ಬಲವಾಗಿ ಊರಿ, ತಡೆಯದೆ ಮುಂದಿನ ಸಾಲಿಗೆ ಹಾರಬೇಕು. ನಾಲ್ಕು ಪ್ರಯತ್ನ ಕೆಟ್ಟಿತು. ಐದನೆಯದರಲ್ಲಿ ನಾನು ಆ ಎಡ ಹಿಮ್ಮಡಿಯನ್ನು ಊರಲೇ ಇಲ್ಲ. ಊರಲು ಆಗಲಿಲ್ಲ. ಆ ಪೆಟ್ಟನ್ನು ನುಂಗಿ, ಮೈಭಾರವನ್ನು ಬಲಗಾಲಿಗೆ ತಂದುಕೊಂಡು, ಉಸಿರು ಹಿಡಿದು ಮುಂದಿನ ಸಾಲಿಗೆ ಹೋದೆ. ನಾಲ್ಕು ಸಲವೂ ಹಾಗೆಯೇ. ಈ ಸಲವೂ ಬೈಗುಳ ಗ್ಯಾರಂಟಿ ಎಂದುಕೊಂಡಿದ್ದೆ. ಪ್ರೀತಮ್ ಎದ್ದು ನಿಂತು ಚಪ್ಪಾಳೆ ತಟ್ಟಿದ.

“ಸೂಪರ್! ಇದೇ ಇರ್ಲಿ. ಅಲ್ಲೊಂದು ಗ್ಯಾಪ್ ಬಂತಲ್ಲ, ಅದಕ್ಕೆ ನಾವು ಹಿಟ್ ಹಾಕುವ.”

ಹಿಟ್ ಎಂದರೆ ಕರೆಂಟ್ ಹೊಡೆದವರ ಹಾಗೆ ಇಡೀ ಮೈಯನ್ನು ಒಮ್ಮೆ ಬಿಗಿದು ಬಿಡುವುದು. ಆ ಖಾಲಿ ಜಾಗದಲ್ಲಿ ಆರು ಜನ ಒಟ್ಟಿಗೆ ಬಿಗಿದು ನಿಂತರೆ ಜನ ಶಿಳ್ಳೆ ಹೊಡೆಯುತ್ತಿದ್ದರು. ನಮ್ಮ ಐಟಂ ಹೆಸರಾದದ್ದೇ ಆ ನಾಲ್ಕು ಹಿಟ್‌ಗಳಿಂದ. ನನಗೆ ಅದರಲ್ಲಿ ಏನೂ ವಿಶೇಷ ಕಾಣಲಿಲ್ಲ. ಕಾಲು ನೋವಲ್ಲಿ ಯೋಚಿಸುವ ಶಕ್ತಿಯೂ ಇರಲಿಲ್ಲ.

“ದುಬೈ ಶೋ ಒಂದು ಮುಗೀಲಿ, ಮತ್ತೆ ಡಾಕ್ಟರೋ ದೇವರೋ, ಎಲ್ಲಿಗೆ ಬೇಕಾದ್ರೂ ಹೋಗು,” ಎಂದಿದ್ದ ಪ್ರೀತಮ್. ದುಬೈ ಶೋ ಮುಗಿಯಿತು. ಅಲ್ಲಿಂದ ಬಂದ ವಾರ ಹೋಟೆಲಿನ ಮೆಟ್ಟಿಲ ಮೇಲೆ ನನ್ನ ಎಡಗಾಲು ಎದ್ದೇ ಬರಲಿಲ್ಲ. ಕೈಯಲ್ಲಿ ಪ್ಯಾಂಟ್ ಹಿಡಿದು ಕಾಲನ್ನು ಎತ್ತಿ ಎತ್ತಿ ಮೆಟ್ಟಿಲ ಮೇಲೆ ಇಟ್ಟೆ. ಮೇಲಿನಿಂದ ಯಾರೋ ಅದರ ವೀಡಿಯೋ ತೆಗೆದು ತಂಡದ ಗ್ರೂಪಿಗೆ ಹಾಕಿದರು. ಪ್ರೀತಮ್ ಕೆಳಗೆ, ಡ್ರಾಮಾ ರಾಣಿ ಎಂಬರ್ಥದಲ್ಲಿ, ಕಿರೀಟದ ಸ್ಟಿಕ್ಕರ್ ಅಂಟಿಸಿದ. ನಾನು ಅಲ್ಲಿಂದಲೇ ಇಳಿದು ಆಟೋ ಹಿಡಿದೆ.

ಆಸ್ಪತ್ರೆಯ ಕಾಯುವ ಜಾಗದಲ್ಲಿ ಸ್ಟೀಲಿನ ಕುರ್ಚಿಗಳು ಒಂದಕ್ಕೊಂದು ಬೆಸೆದಿರುತ್ತವೆ. ಒಬ್ಬರು ಕೂತರೆ ಸಾಲಿನಲ್ಲಿದ್ದ ಎಲ್ಲರಿಗೂ ಅಲುಗುತ್ತದೆ. ನನ್ನ ಸಾಲಿನಲ್ಲಿ ಎಲ್ಲರೂ ಮೂಳೆಯವರೇ, ಆದ್ದರಿಂದ ಯಾರಾದರೂ ಕೂತಾಗ ಐದಾರು ಬಾಯಿಗಳಿಂದ ಒಟ್ಟಿಗೆ “ಅಯ್ಯೋ” ಬರುತ್ತಿತ್ತು. ನನ್ನದೂ ಬಂತು. ಯಾರೂ ನಗಲಿಲ್ಲ, ಯಾರೂ ಡ್ರಾಮಾ ಅನ್ನಲಿಲ್ಲ. ಪಕ್ಕದಲ್ಲಿದ್ದ ಅಜ್ಜಿ ಏಳುವಾಗ ನನ್ನ ಮಂಡಿಯ ಮೇಲೆ ಕೈಯಿಟ್ಟು, “ಜಾಗ್ರತೆ ಮಗಾ, ನಾನೀಗ ಏಳ್ತೇನೆ,” ಎಂದು ಮೊದಲೇ ಎಚ್ಚರಿಸಿದರು. ಎಂಟು ತಿಂಗಳಲ್ಲಿ ನನ್ನ ನೋವಿಗೆ ಸಿಕ್ಕ ಮೊದಲ ಮರ್ಯಾದೆ ಅದು. ನನಗೆ ಅಳು ಬಂತು.

ಡಾಕ್ಟರ್ ವಯಸ್ಸಾದ ಹೆಂಗಸು. ನನ್ನ ಕಾಲನ್ನು ಮಡಚಿ ಒಳಕ್ಕೆ ತಿರುಗಿಸಿದರು. ನಾನು ಕೂಗಿದೆ.

“ಎಷ್ಟು ಸಮಯ ಆಯ್ತು ಈ ನೋವು?”

“ಎಂಟು ತಿಂಗಳು.”

“ಎಂಟು ತಿಂಗಳು ಎಂತ ಮಾಡ್ತಾ ಇದ್ರಿ?”

“ಡ್ಯಾನ್ಸ್ ಮಾಡ್ತಾ ಇದ್ದೆ.”

ಅವರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. ಬೈಯುತ್ತಾರೆ ಎಂದುಕೊಂಡೆ. “ಹೇಗೆ ತಡ್ಕೊಂಡ್ರಿ?” ಎಂದು ಮಾತ್ರ ಕೇಳಿದರು.

ಸ್ಕ್ಯಾನಿನ ದೊಡ್ಡ ಕೊಳವೆಯೊಳಗೆ ಮಲಗಿಸಿದಾಗ ಅದು ಟಕಟಕ ಬಡಿಯತೊಡಗಿತು. ಹೆದರಿಕೆಯಲ್ಲಿ ನನಗೆ ಗೊತ್ತಿಲ್ಲದ ಹಾಗೆ ಬಲಗಾಲಿನ ಬೆರಳುಗಳು ಅದಕ್ಕೆ ತಾಳ ಹಾಕಿದವು. “ಅಲುಗಬೇಡಿ ಮೇಡಂ, ಪುನಃ ಮೊದಲಿನಿಂದ ತೆಗೀಬೇಕಾಗ್ತದೆ,” ಎಂದು ಒಳಗಿನ ಸ್ಪೀಕರ್ ಗದರಿತು. ಎರಡು ದಿನ ಬಿಟ್ಟು ಫಲಿತಾಂಶ ಬಂತು. ಎಡ ತೊಡೆಮೂಳೆಯ ತಲೆಗೆ ರಕ್ತ ಹೋಗುವುದು ನಿಂತಿದೆ. ಅಲ್ಲಿ ಮೂಳೆ ಸತ್ತು ಕುಸಿದಿದೆ. ಕೀಲು ಪೂರ್ತಿ ತೆಗೆದು ಬೇರೆ ಹಾಕಬೇಕು.

“ಮೊದಲೇ ಬಂದಿದ್ರೆ?” ಎಂದು ಅಮ್ಮ ಕೇಳಿದಳು.

“ಮೊದಲೇ ಬಂದಿದ್ರೆ ಉಳಿಸ್ಲಿಕ್ಕೆ ನೋಡಬಹುದಿತ್ತು,” ಎಂದರು ಡಾಕ್ಟರ್. “ಗ್ಯಾರಂಟಿ ಹೇಳ್ಲಿಕ್ಕೆ ಆಗುದಿಲ್ಲ. ನೋಡಬಹುದಿತ್ತು.”

ಯಾಕೆ ಬಂತು ಎಂಬ ಪ್ರಶ್ನೆಗೆ ಅವರು ಕೈ ಬಿಡಿಸಿ ತೋರಿಸಿದರು. ಕೆಲವರಿಗೆ ಕಾರಣ ಸಿಗುವುದಿಲ್ಲವಂತೆ. ಅಮ್ಮನಿಗೆ ಸಿಕ್ಕಿತು. “ಆ ಮರದ ಸುತ್ತಿಗೆಯಂಥ ಶೂ ಹಾಕಿ ಕುಣಿದದ್ದಕ್ಕೆ!” ಎಂದು ಮನೆಗೆ ಬಂದವಳೇ ಓರ್ಲಾಳ ಶೂಗಳನ್ನು ಅಕ್ಕಿ ಚೀಲದಲ್ಲಿ ಕಟ್ಟಿ ಕಪಾಟಿನ ಮೇಲೆ ಹಾಕಿದಳು. ಮಂಗಳಾದೇವಿಗೆ ಹೋಗಿ ಹರಕೆ ಹೇಳಿ ಬಂದಳು. ಅಲ್ಲಿ ಪ್ರೀತಮನ ಅಮ್ಮ ಸಿಕ್ಕಿದರಂತೆ. ಇಪ್ಪತ್ತು ವರ್ಷದಿಂದ ಅವರ ಬ್ಲೌಸ್ ಹೊಲಿದವಳು ಮುಖ ತಿರುಗಿಸಿ ಬಂದೆ ಎಂದು ಹೇಳುವಾಗ ಅಮ್ಮನ ಕಣ್ಣು ಹೊಳೆಯುತ್ತಿತ್ತು. ನಾನು ಯಾರ ಮಗಳು ಎಂಬುದು ಆಗ ನನಗೆ ಸರಿಯಾಗಿ ತಿಳಿಯಿತು.

ಸ್ಕ್ಯಾನ್ ರಿಪೋರ್ಟನ್ನು ಗ್ರೂಪಿಗೆ ಕಳಿಸಿದೆ. ಯಾರಾದರೂ ಏನಾದರೂ ಅಂದಾರು ಎಂದು ಮಧ್ಯಾಹ್ನದವರೆಗೆ ಫೋನ್ ಹಿಡಿದು ಕೂತೆ. ಊಟದ ಹೊತ್ತಿಗೆ ಗ್ರೂಪಿನಿಂದ ನನ್ನನ್ನು ತೆಗೆದಿದ್ದರು. ನನ್ನ ಜಾಗಕ್ಕೆ ಶ್ರಾವ್ಯಾ ಎಂಬ ಹತ್ತೊಂಬತ್ತರ ಹುಡುಗಿ ಬಂದಳು. ಐಟಂ ಬದಲಾಗಲಿಲ್ಲ, ಸದ್ದೂ ಬದಲಾಗಲಿಲ್ಲ. ನನ್ನ ಕಾಲಿಗೆ ಆಪರೇಷನ್ ದಿನ ನಿಗದಿಯಾಗುತ್ತಿದ್ದಾಗ ಅದೇ ಕಾಲು ಸುರತ್ಕಲ್, ಉಡುಪಿ, ಮಣಿಪಾಲದ ವೇದಿಕೆಗಳಲ್ಲಿ ಟಕಟಕ ಎನ್ನುತ್ತಿತ್ತು.

ಪ್ರೀತಮ್ ಹೇಳಿಕೊಂಡು ತಿರುಗಿದ್ದು ನನ್ನ ಕಿವಿಗೆ ಬಂತು. “ನೋವು ನೋವು ಅಂತ ಸುಳ್ಳು ಹೇಳಿ ಹೇಳಿ ಕೊನೆಗೆ ನಿಜಕ್ಕೂ ಬಂತು ನೋಡಿ. ಆಗ ಅವಳಿಗೆ ಎಂತದ್ದೂ ಇರ್ಲಿಲ್ಲ. ರೆಕಾರ್ಡಿಂಗ್ ಕೇಳಿ. ನೋವಿದ್ದವಳು ಇಷ್ಟು ಕ್ಲೀನ್ ಬಾರಿಸ್ತಾಳಾ?” ತಂಡದವರು ನಂಬಿದರು. ನಮ್ಮ ನೆಂಟರಲ್ಲೂ ಕೆಲವರು ನಂಬಿದರು.

ರೋಗದ ಮೇಲೆ ಸೇಡು ತೀರಿಸಿಕೊಳ್ಳಲು ಬರುವುದಿಲ್ಲ. ಅದಕ್ಕೆ ಮುಖವಿಲ್ಲ, ಮನೆಯಿಲ್ಲ, ಫೋನ್ ನಂಬರಿಲ್ಲ. ಪ್ರೀತಮನಿಗೆ ಮೂರೂ ಇತ್ತು. ನನ್ನ ಮೂಳೆ ಅವನಿಂದ ಸಾಯಲಿಲ್ಲ ಎಂಬುದು ನನಗೆ ಗೊತ್ತು. ದುಬೈಗೆ ಹೋಗುವುದಿಲ್ಲ ಎನ್ನಲು ನನಗೂ ಬಾಯಿತ್ತು ಎಂಬುದೂ ಗೊತ್ತು. ಗೊತ್ತಿದ್ದೂ ನಾನು ಅವನನ್ನು ದ್ವೇಷಿಸಿದೆ, ಮನಸ್ಸಿಟ್ಟು ದ್ವೇಷಿಸಿದೆ. ನನಗೆ ಬೇಕಾದದ್ದು ಒಂದೇ: ಆಗ ನನಗೆ ನೋವಿತ್ತು ಎಂಬುದು ಅವನ ತಲೆಗೆ ಹೋಗಬೇಕು, ಅದೂ ನಾಲ್ಕು ಜನರ ಎದುರು. ಆಪರೇಷನ್ ಕೋಣೆಗೆ ತಳ್ಳಿಕೊಂಡು ಹೋಗುವಾಗ ನರ್ಸ್, “ದೇವರನ್ನು ನೆನೆಸಿ,” ಎಂದಳು. ನನಗೆ ನೆನಪಾದವನು ಅವನೇ.

ಆಪರೇಷನ್ ಆದ ಮೇಲಿನ ವಾರಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಆದವರಿಗೆ ಗೊತ್ತು. ಕಮೋಡಿನ ಮೇಲೆ ಎತ್ತರದ ಸೀಟು ಇಟ್ಟು ಇಪ್ಪತ್ತೊಂಬತ್ತರ ಮಗಳನ್ನು ಅಮ್ಮ ಹಿಡಿದು ಕೂರಿಸಿದಾಗ ಇಬ್ಬರೂ ಗೋಡೆಯ ಕಡೆ ನೋಡಿದೆವು. ಅಪ್ಪ ಮಸ್ಕತ್‌ನಿಂದ ವೀಡಿಯೋ ಕಾಲ್ ಮಾಡಿ, ಏನು ಕೇಳುವುದೆಂದು ತಿಳಿಯದೆ, ದಿನವೂ “ಊಟ ಆಯ್ತಾ?” ಎಂದೇ ಕೇಳಿದರು. ನಾನೂ ದಿನವೂ ಆಯ್ತು ಎಂದೆ.

ನನ್ನನ್ನು ಎಬ್ಬಿಸಿದವರು ಲಲಿತಕ್ಕ. ಬೆಂಗ್ರೆಯವರು, ಬಲೆ ಕಟ್ಟುವ ಕೆಲಸ. ದೋಣಿ ಹತ್ತುವಾಗ ಮೈದುನ ಹಗ್ಗ ಸರಿಯಾಗಿ ಹಿಡಿಯದೆ ಇವರು ಬಿದ್ದು ಸೊಂಟದ ಕೀಲು ಮುರಿದಿತ್ತು. ಫಿಸಿಯೋಥೆರಪಿ ಕೋಣೆಯಲ್ಲಿ ನಮ್ಮ ಮಂಚಗಳು ಅಕ್ಕಪಕ್ಕ.

“ನನ್ನದು ಬಲ, ನಿನ್ನದು ಎಡ,” ಎಂದರು ಮೊದಲ ದಿನವೇ. “ಇಬ್ಬರನ್ನು ಸೇರಿಸಿದ್ರೆ ಒಂದು ಸರಿಯಾದ ಹೆಂಗಸು ಆಗ್ತದೆ ಮಗಾ.”

ಕಾಲನ್ನು ಇಪ್ಪತ್ತು ಸಲ ಪಕ್ಕಕ್ಕೆ ಸರಿಸಬೇಕಿತ್ತು. ನಾನು ಏಳಕ್ಕೆ ನಿಲ್ಲಿಸುತ್ತಿದ್ದೆ. ಲಲಿತಕ್ಕ ಮಾತ್ರ ಕಣ್ಣು ಮುಚ್ಚಿ, ತುಟಿ ಅಲುಗಿಸುತ್ತ ಇಪ್ಪತ್ತೂ ಮುಗಿಸುತ್ತಿದ್ದರು. ದೇವರ ನಾಮ ಎಂದುಕೊಂಡಿದ್ದೆ. ಕೇಳಿದಾಗ ಗುಟ್ಟು ಹೇಳಿದರು.

“ಒಂದೊಂದಕ್ಕೆ ಮೈದುನನಿಗೆ ಒಂದೊಂದು ಶಾಪ. ಒಂದು, ಅವನ ಮೀನಿನ ಪದಾರ್ಥ ಸೀದು ಹೋಗ್ಲಿ. ಎರಡು, ಅವನ ಹೊಸ ಅಂಗಿಗೆ ಗ್ರೀಸ್ ಆಗ್ಲಿ. ಪ್ರಾಣಕ್ಕೆ ಕೈ ಹಾಕ್ಲಿಕ್ಕೆ ಇಲ್ಲ, ನಮಗೆ ಪಾಪ. ಸಣ್ಣ ಸಣ್ಣದು ಹಾಕು. ನಿನಗೆ ಯಾರಾದ್ರೂ ಉಂಟಾ?”

“ಉಂಟು ಅಕ್ಕ.”

“ಹಾಗಾದ್ರೆ ಎತ್ತು ಕಾಲು.”

ಅವತ್ತು ನಾನು ಹದಿನಾಲ್ಕು ಮುಟ್ಟಿದೆ. ಪ್ರೀತಮನ ಬೈಕು ಪಂಪ್‌ವೆಲ್‌ನಲ್ಲಿ ನಡುರಸ್ತೆಯಲ್ಲಿ ಕೆಟ್ಟು ನಿಂತಿತು, ಮದುವೆ ಮನೆಯಲ್ಲಿ ಅವನ ಎಲೆಗೆ ಪಾಯಸ ಬರುವಾಗ ಪಾತ್ರೆ ಖಾಲಿಯಾಯಿತು, ಅವನು ಕೂದಲಿಗೆ ಹಾಕುವ ಬಣ್ಣ ತಲೆದಿಂಬಿಗೆ ಹತ್ತಿತು. ವಾರದೊಳಗೆ ಇಪ್ಪತ್ತಾಯಿತು. ವಾಕರ್ ಬಿಟ್ಟು ಕೋಲು ಹಿಡಿದೆ, ಕೋಲು ಬಿಟ್ಟು ಅಮ್ಮನ ಹೆಗಲು. ಡಾಕ್ಟರ್ ಚೇತರಿಕೆ ಚೆನ್ನಾಗಿದೆ, ಮನಸ್ಸು ಗಟ್ಟಿ ಇದೆ ಎಂದು ಹೊಗಳಿದಾಗ ಲಲಿತಕ್ಕ ನನ್ನ ಕಡೆ ನೋಡಿ ಕೆಮ್ಮಿದರು. ಹಾರುವುದು, ಕಾಲು ಎತ್ತರಕ್ಕೆ ಎಸೆಯುವುದು ಇನ್ನು ಇಲ್ಲ ಎಂದೂ ಡಾಕ್ಟರ್ ಅವತ್ತೇ ಹೇಳಿದರು. ಅಂದರೆ ಓರ್ಲಾ ಕಲಿಸಿದ್ದರಲ್ಲಿ ಅರ್ಧ ಹೋಯಿತು. ಮನೆಗೆ ಬಂದು ಬಾತ್‌ರೂಮಿನಲ್ಲಿ ನಲ್ಲಿ ತಿರುಗಿಸಿಟ್ಟು ಅತ್ತೆ.

ಆ ದಿನಗಳಲ್ಲೇ ಯಾರೋ ನಮ್ಮ ಐಟಮ್ಮಿನ ವೀಡಿಯೋ ಕಳಿಸಿದರು. ನೋಡಬಾರದೆಂದುಕೊಂಡು ನೋಡಿದೆ. ಸಂಗೀತ ನಿಂತಿತು, ನನ್ನ ಹೆಜ್ಜೆಗಳು ಶುರುವಾದವು. ಸಾಲಿನ ಕೊನೆಗೆ ಆರು ಜನ ಬಿಗಿದು ನಿಂತರು, ಶಿಳ್ಳೆ ಬಿತ್ತು. ನಾನು ಕಣ್ಣು ಮುಚ್ಚಿ ಪುನಃ ಹಾಕಿದೆ. ಕಣ್ಣು ಮುಚ್ಚಿದರೆ ಹಿಟ್ ಇಲ್ಲ, ಬರೀ ಸದ್ದು. ಬರಬೇಕಾದ ಎಡ ಹಿಮ್ಮಡಿ ಇಲ್ಲ. ಅದರ ಬದಲು ಒಬ್ಬಳು ಬಲಗಾಲಿಗೆ ಭಾರ ತಂದುಕೊಳ್ಳುವಷ್ಟು ಹೊತ್ತು ಖಾಲಿ. ನೋವಿರಲಿಲ್ಲ ಎನ್ನಲು ಅವನು ಊರಿಗೆಲ್ಲ ಕೇಳಿಸುತ್ತಿದ್ದ ಸಾಕ್ಷಿಯೊಳಗೇ ನನ್ನ ನೋವು ನಾಲ್ಕು ಸಲ ಕೂತಿತ್ತು. ಆರು ಗಟ್ಟಿಮುಟ್ಟಾದ ಜನ ನನ್ನ ಕುಂಟನ್ನು ಕಲಿತು, ಅದಕ್ಕೆ ಶಿಳ್ಳೆ ಹೊಡೆಸಿಕೊಳ್ಳುತ್ತಿದ್ದರು. ನಾನು ಎಷ್ಟು ಜೋರಾಗಿ ನಕ್ಕೆನೆಂದರೆ ಅಮ್ಮ ಹೊಲಿಗೆ ಮಷಿನ್ ನಿಲ್ಲಿಸಿ ಬಂದಳು.

ಹೇಳಿದರೆ ಯಾರು ನಂಬುತ್ತಿದ್ದರು? ಇದೂ ಒಂದು ಡ್ರಾಮಾ ಆಗುತ್ತಿತ್ತು. ಸುಮ್ಮನಿದ್ದೆ.

ಆಪರೇಷನ್ ಆಗಿ ಹನ್ನೊಂದು ತಿಂಗಳ ಮೇಲೆ ಪ್ರೀತಮ್ ಮನೆಗೆ ಬಂದ, ಮೊದಲ ಸಲ. ಕೈಯಲ್ಲಿ ಸೇಬು, ದಾಳಿಂಬೆಯ ಚೀಲ. ಅಮ್ಮ ಕೂರಿ ಎಂದಳು, ಕುಡಿಯಲು ಎಂತ ಬೇಕು ಎಂದು ಕೇಳಲಿಲ್ಲ. ನಮ್ಮಲ್ಲಿ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ.

“ಹೇಗುಂಟು ಈಗ ಕಾಲು?” ಎಂದು ಶುರು ಮಾಡಿ, ಉತ್ತರಕ್ಕೆ ಕಾಯದೆ ವಿಷಯಕ್ಕೆ ಬಂದ. ನಗರದಲ್ಲಿ ದೊಡ್ಡ ಸ್ಪರ್ಧೆ, ಗೆದ್ದ ತಂಡಕ್ಕೆ ವಿದೇಶದ ವೇದಿಕೆ. ಆದರೆ ಈ ಸಲ ಹೊಸ ನಿಯಮ: ಹೆಜ್ಜೆಯ ಸದ್ದು ರೆಕಾರ್ಡಿಂಗಿನಿಂದ ಬರಬಾರದು, ವೇದಿಕೆಯಿಂದಲೇ ಬರಬೇಕು. ತಂಡದಲ್ಲಿ ಯಾರ ಪಾದವೂ ಸದ್ದು ಮಾಡಲು ಕಲಿತಿರಲಿಲ್ಲ.

“ಕುಣೀಲಿಕ್ಕೆ ಬೇಡ. ಬದಿಯಲ್ಲಿ ಕುರ್ಚಿ ಹಾಕ್ತೇವೆ. ಕೂತಲ್ಲಿಂದಲೇ ಹಲಗೆ ಮೇಲೆ ಬಾರಿಸು. ಹಳೇದೇ, ಹೊಸದೆಂತ ಇಲ್ಲ.”

ಒಳಗೆ ಏನೋ ಎದ್ದು ಕೂತಿತು. ಮುಖ ಆದಷ್ಟು ಸಪ್ಪೆ ಮಾಡಿಕೊಂಡೆ.

“ನಾನು ಮೊದಲು ಕಟ್ಟಿದ ಹಾಗೇ ಬಾರಿಸ್ತೇನೆ ಅಣ್ಣ. ಆಗಬಹುದಾ?”

“ಮತ್ತೆಂತ? ಅದೇ ಬೇಕಾದದ್ದು.”

“ಪ್ರಾಕ್ಟೀಸಿಗೆ ಬರ್ಲಿಕ್ಕೆ ಆಗುದಿಲ್ಲ. ಡಾಕ್ಟರ್ ಒಂದೇ ಸಲ ಅಂತ ಹೇಳಿದ್ದಾರೆ.”

ಡಾಕ್ಟರ್ ಹಾಗೇನೂ ಹೇಳಿರಲಿಲ್ಲ. ಕೂತು ಪಾದ ಬಡಿಯಲು ಅಡ್ಡಿಯಿಲ್ಲ, ಎಷ್ಟು ಬೇಕಾದರೂ ಮಾಡು ಎಂದಿದ್ದರು. ಸುಳ್ಳು ಹೇಳಿದವಳು ನಾನು, ಒಪ್ಪಿಕೊಳ್ಳುತ್ತೇನೆ. ಎರಡು ವರ್ಷ ಸುಳ್ಳಿ ಎನ್ನಿಸಿಕೊಂಡಿದ್ದೆ, ಒಂದನ್ನಾದರೂ ಹೇಳುವ ಹಕ್ಕು ನನಗಿತ್ತು.

“ಪ್ರಾಕ್ಟೀಸ್ ಎಂತಕ್ಕೆ? ನಾವು ರೆಕಾರ್ಡಿಂಗಿಗೆ ಮಾಡ್ಕೊಳ್ತೇವೆ, ಅದೂ ನಿನ್ನದೇ ಅಲ್ವಾ,” ಎಂದು ಅವನು ಎದ್ದ.

ಅವನ ಬೈಕಿನ ಸದ್ದು ದೂರವಾದ ಮೇಲೆ ಅಮ್ಮ ಸ್ಟೂಲ್ ಹಾಕಿ ಕಪಾಟಿನ ಮೇಲಿಂದ ಅಕ್ಕಿ ಚೀಲ ಇಳಿಸಿದಳು. ಶೂಗಳಿಗೆ ಬೂಸ್ಟು ಹಿಡಿದಿತ್ತು. ಸೆರಗಿನಿಂದ ಒರೆಸಿದಳು.

“ನಿನಗೆ ಎಂತ ಮಾಡ್ಲಿಕ್ಕುಂಟು ಅಂತ ನಾನು ಕೇಳುದಿಲ್ಲ ಮಗಾ,” ಎಂದಳು. “ಮಾಡುವಾಗ ಸೊಂಟ ಬಗ್ಗಿಸಬೇಡ, ಅಷ್ಟೇ.”

ಮರುದಿನದಿಂದ ಅಂಗಳದಲ್ಲಿ ಹಲಗೆ ಹಾಕಿ ಕೂತೆ. ಮೊದಲ ದಿನ ಎಡ ಹಿಮ್ಮಡಿ ಹೆದರಿ ಮೆಲ್ಲ ಇಳಿಯಿತು. ಪುನಃ ಇಳಿಸಿದೆ. ಸದ್ದು ಬಂತು, ನೋವು ಬರಲಿಲ್ಲ. ನಂಬಿಕೆಯಾಗದೆ ಇನ್ನೊಮ್ಮೆ, ಮತ್ತೊಮ್ಮೆ ಬಡಿದೆ. ನೆರೆಮನೆಯವರು ಗೋಡೆ ಕೆಲಸ ಶುರುವಾಯಿತಾ ಎಂದು ಇಣುಕಿದರು. ಕಾಯಿಲೆ ಬಿಟ್ಟಿತು ಎಂದು ಡಾಕ್ಟರ್ ಹೇಳಿದ ದಿನಕ್ಕಿಂತ ನನಗೆ ಅದೇ ಗಟ್ಟಿ ನೆನಪು.

ಸ್ಪರ್ಧೆ ಭಾನುವಾರ ಮಧ್ಯಾಹ್ನ. ವೇದಿಕೆಯ ಬಲಬದಿಗೆ ಕುರ್ಚಿ, ಹಲಗೆ, ಮೈಕ್. ಶ್ರಾವ್ಯಾ ಬಂದು ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿ, “ಅಕ್ಕ, ನಿಮ್ಮ ಸೌಂಡ್ ಕೇಳಿಯೇ ನಾನು ಕಲ್ತದ್ದು,” ಎಂದಳು. ನನಗೆ ಒಂದು ಕ್ಷಣ ಕಷ್ಟವಾಯಿತು. ಹೇಳಿಬಿಡಲೇ ಅನ್ನಿಸಿತು. ಆಗ ಅವಳ ಹಿಂದೆ ಪ್ರೀತಮ್ ಯಾರಿಗೋ, “ಅವಳಿಗೆ ಈಗ ಸಿಂಪಥಿ ಓಟು ಬೇರೆ ಸಿಗ್ತದೆ, ನಮಗೆ ಪ್ಲಸ್ಸೇ,” ಎನ್ನುವುದು ಕೇಳಿಸಿತು. ನಾನು ಲೇಸ್ ಬಿಗಿ ಮಾಡಿಕೊಂಡೆ.

ಸಂಗೀತ ಇದ್ದಷ್ಟು ಹೊತ್ತು ಎಲ್ಲ ಸರಿ ಹೋಯಿತು. ಆಮೇಲೆ ಸಂಗೀತ ನಿಂತಿತು. ಇಡೀ ಸಭಾಂಗಣದಲ್ಲಿ ನನ್ನ ಎರಡು ಪಾದ. ಮೊದಲ ಸಾಲಿನ ಕೊನೆಗೆ ಬಂದೆ, ಎಡ ಹಿಮ್ಮಡಿಯನ್ನು ಬಲವಾಗಿ ಊರಿದೆ, ತಡೆಯದೆ ಮುಂದಿನ ಸಾಲಿಗೆ ಹೋದೆ. ಆರು ಜನ ಬಿಗಿದು ನಿಂತಿದ್ದರು. ಅವರು ಬಿಡುವಷ್ಟರಲ್ಲಿ ನಾನು ನಾಲ್ಕು ಹೆಜ್ಜೆ ಮುಂದಿದ್ದೆ. ಓಡಿ ಸೇರಿಕೊಳ್ಳಲು ನೋಡಿದರು. ಎರಡನೆಯ ಸಾಲಿನ ಕೊನೆಗೆ ಮೂವರು ಬಿಗಿದರು, ಮೂವರು ಬಿಗಿಯಲಿಲ್ಲ. ಮೂರನೆಯದರಲ್ಲಿ ಪ್ರೀತಮನೇ ಎಡದ ಬದಲು ಬಲಕ್ಕೆ ತಿರುಗಿ ಶ್ರಾವ್ಯಾಳಿಗೆ ಡಿಕ್ಕಿ ಹೊಡೆದ. ಪ್ರೇಕ್ಷಕರಲ್ಲಿ ಯಾರೋ ನಕ್ಕರು. ನಾನು ಒಂದು ಪೆಟ್ಟೂ ತಪ್ಪಿಸಲಿಲ್ಲ. ನಾಲ್ಕನೆಯ ಸಾಲು ಮುಗಿಸಿ ಪಾದ ನಿಲ್ಲಿಸಿದೆ. ಸಂಗೀತ ಶುರುವಾಗಲು ಇನ್ನೂ ಹೊತ್ತಿತ್ತು, ಯಾಕೆಂದರೆ ಅದು ನನ್ನ ನಾಲ್ಕು ಕುಂಟುಗಳನ್ನೂ ಲೆಕ್ಕ ಹಿಡಿದು ಕಾಯುತ್ತಿತ್ತು. ಆರು ಜನ ಕೈಕಾಲು ಎಲ್ಲಿಡುವುದೆಂದು ತಿಳಿಯದೆ ಬೆಳಕಿನ ಕೆಳಗೆ ನಿಂತರು. ಅಷ್ಟು ಉದ್ದದ ಮೌನವನ್ನು ನಾನು ಎಂಟು ತಿಂಗಳು ನುಂಗಿದ್ದೆ.

ಸಂತೋಷವಾಯಿತೇ ಎಂದು ಕೇಳಿದರೆ, ಆಯಿತು. ಪಾಯಸ ಉಂಡಷ್ಟು ಸಂತೋಷವಾಯಿತು. ಆದರೆ ಪರದೆಯ ಹಿಂದೆ ಶ್ರಾವ್ಯಾ ಗೋಡೆಗೆ ಒರಗಿ ಅಳುತ್ತಿದ್ದಳು. ಅವಳು ನನಗೇನೂ ಮಾಡಿರಲಿಲ್ಲ. ನನ್ನ ಸೇಡಿಗೆ ಅವಳನ್ನೂ ಸೇರಿಸಿದೆ. ಅದೊಂದು ನನಗೆ ಇವತ್ತಿಗೂ ಚುಚ್ಚುತ್ತದೆ. ಅವಳ ಬಳಿ ಹೋಗಲು ಕುರ್ಚಿಯಿಂದ ಏಳುತ್ತಿದ್ದಾಗ ಪ್ರೀತಮ್ ಬಂದು ನಿಂತ. ಹಿಂದೆ ಇಡೀ ತಂಡ.

“ಎಂತ ಮಾರಾಯ್ತಿ ಇದು? ನಾಲ್ಕಕ್ಕೆ ನಾಲ್ಕೂ ತಪ್ಪು ಬಾರಿಸಿದ್ದಿ. ಆ ಗ್ಯಾಪ್ ಎಲ್ಲಿ ಹೋಯ್ತು?”

“ತಪ್ಪಲ್ಲ ಅಣ್ಣ. ಅಲ್ಲಿ ಗ್ಯಾಪ್ ಇಲ್ಲ. ಅಲ್ಲೊಂದು ಎಡ ಹಿಮ್ಮಡಿ ಉಂಟು. ನಾನು ಕಟ್ಟಿದ್ದೇ ಹಾಗೆ.”

“ಮತ್ತೆ ರೆಕಾರ್ಡಿಂಗಲ್ಲಿ ಇಲ್ವಲ್ಲ!”

“ಅವತ್ತು ಆ ಕಾಲು ಊರ್ಲಿಕ್ಕೆ ಆಗ್ತಾ ಇರ್ಲಿಲ್ಲ. ಈಗ ಆಗ್ತದೆ.”

ಅವನು ನನ್ನ ಶೂ ನೋಡಿದ, ತಂಡದವರನ್ನು ನೋಡಿದ. ಅವರಲ್ಲೊಬ್ಬ ತಲೆ ತಗ್ಗಿಸಿ, ಬೆರಳಿನಿಂದ ತೊಡೆಯ ಮೇಲೆ ಆ ಸಾಲನ್ನು ಮೆಲ್ಲಗೆ ಬಾರಿಸಿ ನೋಡುತ್ತಿದ್ದ. ಕೊನೆಯ ಖಾಲಿ ಜಾಗಕ್ಕೆ ಬಂದು ನಿಲ್ಲಿಸಿ, ಪ್ರೀತಮನ ಮುಖ ನೋಡಿದ. ಶ್ರಾವ್ಯಾಳ ಅಳು ನಿಂತಿತ್ತು.

“ಅಂದ್ರೆ,” ಎಂದ ಪ್ರೀತಮ್, ಸ್ವರ ಸಣ್ಣದಾಗಿತ್ತು, “ಆಗ ನಿನಗೆ ನೋವಿತ್ತಾ?”

ಎರಡು ವರ್ಷದಲ್ಲಿ ಅವನು ಅದನ್ನು ನನ್ನ ಹತ್ತಿರ ಕೇಳಿದ್ದು ಅದೇ ಮೊದಲು.

“ಇತ್ತು,” ಎಂದೆ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ.